ಆಟದ ವಿಮಾನ ಮತ್ತು ಸಣ್ಣ ನಿಲ್ದಾಣಗಳ ಆಕಾಶ: ಮಾರಾಟಗಾರರ ಹೊಣೆ

2021ರ ಆಗಸ್ಟ್ 10ರಂದು ಕೆನಡಾದ ಟೊರಾಂಟೊ ಸಮೀಪದ ಬಟನ್‌ವಿಲ್ ವಿಮಾನ ನಿಲ್ದಾಣದಲ್ಲಿ ಬೋಧಕರೂ ವಿದ್ಯಾರ್ಥಿಯೂ ಇದ್ದ ಸೆಸ್ನಾ 172 ತರಬೇತಿ ವಿಮಾನವೊಂದು ಇಳಿಯಲು ಬರುತ್ತಿದ್ದಾಗ ಡ್ರೋನ್ ಒಂದಕ್ಕೆ ಡಿಕ್ಕಿ ಹೊಡೆಯಿತು. ಹಕ್ಕಿ ಬಡಿದಿರಬೇಕೆಂದು ಭಾವಿಸಿದ ಅವರು ಸುರಕ್ಷಿತವಾಗಿಯೇ ಇಳಿದರು; ಆದರೆ ಎಂಜಿನ್ನಿನ ಮುಂಭಾಗದ ಹೊದಿಕೆ ಜಖಂಗೊಂಡಿತ್ತು. ಆ ಡ್ರೋನ್ ಹಾರಿಸುತ್ತಿದ್ದವರು ಹವ್ಯಾಸಿ ಹುಡುಗರಲ್ಲ, ಪೊಲೀಸರು. ಇದಕ್ಕೂ ಮೊದಲು, 2010ರ ಆಗಸ್ಟ್‌ನಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಬ್ರೈಟನ್ ಎಂಬಲ್ಲಿನ ಸಣ್ಣ ನಿಲ್ದಾಣದಲ್ಲಿ ಎರಡು ಅಂತಸ್ತಿನ ರೆಕ್ಕೆಯ ಲಘು ವಿಮಾನವೊಂದು ರೇಡಿಯೊ ನಿಯಂತ್ರಿತ ಮಾದರಿ ವಿಮಾನಕ್ಕೆ ಡಿಕ್ಕಿ ಹೊಡೆದು ರೆಕ್ಕೆಗೆ ಪೆಟ್ಟು ಮಾಡಿಕೊಂಡಿತ್ತು. ಎರಡೂ ಪ್ರಸಂಗಗಳಲ್ಲಿ ಪ್ರಾಣಹಾನಿಯಾಗಲಿಲ್ಲ ಎಂಬುದು ಅದೃಷ್ಟದ ಮಾತೇ ಹೊರತು ವ್ಯವಸ್ಥೆಯ ಹೆಗ್ಗಳಿಕೆಯಲ್ಲ.

ಮಾದರಿ ವಿಮಾನಗಳು 400 ಅಡಿಗಿಂತ ಕೆಳಗೆ ಹಾರಿದರೆ ಅಪಾಯವಿಲ್ಲ ಎಂಬ ನಂಬಿಕೆ ಹವ್ಯಾಸಿಗಳಲ್ಲೂ ಅವರಿಗೆ ಸಾಮಗ್ರಿ ಒದಗಿಸುವ ವರ್ತಕರಲ್ಲೂ ಬೇರೂರಿದೆ. ಅಮೆರಿಕದ ವಿಮಾನಯಾನ ಆಡಳಿತವು 1981ರಲ್ಲಿಯೇ ಈ ಮಿತಿಯನ್ನು ಸಲಹೆಯ ರೂಪದಲ್ಲಿ ನೀಡಿತ್ತು. ಬಯಲಿನಲ್ಲಿ ಈ ಲೆಕ್ಕ ಸರಿ. ಓಡುಪಟ್ಟಿಯ ಬಳಿ ಸರಿಯಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುವ ವಿಮಾನವು ನೆಲ ಮುಟ್ಟುವ ಜಾಗದಿಂದ ಒಂದು ಕಿಲೋಮೀಟರ್ ದೂರದಲ್ಲಿ ಕೇವಲ 170 ಅಡಿ ಎತ್ತರದಲ್ಲಿರುತ್ತದೆ. ಎರಡು ಕಿಲೋಮೀಟರ್ ದೂರದಲ್ಲಿಯೂ ಅದು 350 ಅಡಿಯನ್ನು ದಾಟಿರುವುದಿಲ್ಲ. ಅಂದರೆ, ಹವ್ಯಾಸಿಯು 'ನಿಯಮದೊಳಗೆ ಇದ್ದೇನೆ' ಎಂದುಕೊಂಡ ಎತ್ತರದಲ್ಲೇ ಮನುಷ್ಯರನ್ನು ಹೊತ್ತ ವಿಮಾನವೂ ಸಾಗುತ್ತಿರುತ್ತದೆ.

ಪೈಲಟ್ ನೋಡಿ ತಪ್ಪಿಸಿಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಎದುರಿನ ವಸ್ತುವನ್ನು ಕಂಡು, ಗುರುತಿಸಿ, ನಿರ್ಧರಿಸಿ, ವಿಮಾನವನ್ನು ತಿರುಗಿಸಲು ಸುಮಾರು 12.5 ಸೆಕೆಂಡುಗಳು ಬೇಕೆಂದು ಅದೇ ಆಡಳಿತದ ಅಂದಾಜಿದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವ ಲಘು ವಿಮಾನ ಅಷ್ಟರಲ್ಲಿ 400 ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ. ಒಂದು ಮೀಟರ್ ಅಗಲದ ಆಟದ ವಿಮಾನ ಅಷ್ಟು ದೂರದಿಂದ ಮಣ್ಣಿನ ಬಣ್ಣದ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳುವುದೇ ದುಸ್ತರ. ಅದೂ ಓಡುಪಟ್ಟಿಯ ಮೇಲೆ ದೃಷ್ಟಿ ನೆಟ್ಟ ವಿದ್ಯಾರ್ಥಿಗೆ. ಮೇಲಾಗಿ ಲಘು ವಿಮಾನದ ಮುಂಗಾಜು ಬಹುಮಟ್ಟಿಗೆ ಅಕ್ರಿಲಿಕ್ ಹಾಳೆ. ದೊಡ್ಡ ಜೆಟ್ ವಿಮಾನಗಳ ಬಹುಪದರದ ಗಾಜಲ್ಲ.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ, ಅದರ ಸನಿಹದಲ್ಲೇ ಯಲಹಂಕ ವಾಯುನೆಲೆಯಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಸಂಸ್ಥೆಗಳಿಗೆ ಸ್ಥಳ ನೀಡಲು ಆಯ್ದ ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿಗಳೂ ಸೇರಿದ್ದವು. ಇನ್ನೊಂದೆಡೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೋಟಾರು, ಬ್ಯಾಟರಿ, ರಿಮೋಟ್ ಎಲ್ಲವೂ ಬಿಡಿಬಿಡಿಯಾಗಿ ದೊರೆಯುತ್ತವೆ. ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರವು 2022ರ ಫೆಬ್ರವರಿಯಲ್ಲಿ ನಿಷೇಧಿಸಿ ಬಿಡಿಭಾಗಗಳನ್ನು ಮುಕ್ತವಾಗಿ ಬಿಟ್ಟ ಮೇಲೆ ಇಲ್ಲಿನ ಸಣ್ಣ ತಯಾರಕರಿಗೆ ಅವಕಾಶ ತೆರೆಯಿತು. 2025ರ ಸೆಪ್ಟೆಂಬರ್ 22ರಿಂದ ಡ್ರೋನ್‌ಗಳ ಜಿ.ಎಸ್.ಟಿ. ಶೇ. 5ಕ್ಕೆ ಇಳಿದಿದೆ. ಮಾರುಕಟ್ಟೆ ವಿಸ್ತರಿಸುವುದು ಸ್ವಾಗತಾರ್ಹವೇ. ಮದುವೆ ಮನೆಯ ಛಾಯಾಗ್ರಾಹಕರೂ ಈಗ ಆಕಾಶಯಂತ್ರದ ಗಿರಾಕಿಗಳಾಗಿದ್ದಾರೆ.

ನಿಯಮಗಳಿಲ್ಲವೆನ್ನುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಕಾರ್ಯನಿರತ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನೊಳಗೆ ನೆಲದಿಂದ ಮೇಲಿನ ಆಕಾಶವೆಲ್ಲ ನಿರ್ಬಂಧಿತ ವಲಯ. ಅನುಮತಿಯಿಲ್ಲದೆ ಅಲ್ಲಿ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯವರೆಗೆ ಮಾತ್ರ ಅನುಮತಿಯ ಅಗತ್ಯವಿಲ್ಲ. ವಿನೋದ, ಶಿಕ್ಷಣ, ಸಂಶೋಧನೆಗಾಗಿ ಕಣ್ಣಳತೆಯಲ್ಲಿ ಹಾರಿಸುವ 25 ಕಿಲೋಗಿಂತ ಹೆಚ್ಚಿಲ್ಲದ ಮಾದರಿ ವಿಮಾನಗಳಿಗೆ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿಯುಂಟು. ಈ ವಿನಾಯಿತಿಯನ್ನೇ ಕೆಲವರು ಎಲ್ಲ ನಿಯಮಗಳಿಂದ ಬಿಡುಗಡೆಯೆಂದು ತಿಳಿಯುತ್ತಾರೆ. ವಲಯದ ನಿರ್ಬಂಧ ಅವುಗಳಿಗೂ ಅನ್ವಯಿಸುತ್ತದೆ.

ಕೊರತೆ ಇರುವುದು ಅಂಗಡಿಯ ಕಟ್ಟೆಯ ಬಳಿ. ಕೀಟನಾಶಕ ಮಾರುವವನು ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ರೈತನಿಗೆ ತೋರಿಸುತ್ತಾನೆ. ಐದು ಕಿಲೋ ತೂಕದ, ಚಕ್ರಾಕಾರವಾಗಿ ತಿರುಗುವ ಅಲಗುಗಳ ಯಂತ್ರವನ್ನು ಮಾರುವವನು ಖಾತರಿ ಚೀಟಿಗೆ ಮುದ್ರೆ ಒತ್ತಿ ಕೈತೊಳೆದುಕೊಳ್ಳುತ್ತಾನೆ. ಇದು ಬದಲಾಗಬೇಕು. ಪೊಟ್ಟಣದೊಳಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ, ಸಮೀಪದ ನಿಲ್ದಾಣಗಳ ಹೆಸರು, 8 ಕಿಲೋಮೀಟರಿನ ವೃತ್ತ ತೋರಿಸುವ ನಕ್ಷೆ: ಇಷ್ಟಕ್ಕೆ ತಗಲುವ ವೆಚ್ಚ ಮುದ್ರಣದ ಕೆಲವು ರೂಪಾಯಿ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸುವವರ ಕೈಗೆ ಈ ಪುಟ ತಲುಪಿಸುವುದು ಕಷ್ಟವಾದೀತು, ನಿಜ. ಆದರೆ ರಿಮೋಟ್ ಕೊಳ್ಳದೆ ಯಾರೂ ವಿಮಾನ ಹಾರಿಸಲಾರರು; ರಿಮೋಟಿನ ಜೊತೆಗೇ ಅದನ್ನು ಕೊಡಬಹುದು.

ಹವ್ಯಾಸಿಗಳನ್ನು ಓಡಿಸುವುದೊಂದೇ ಪರಿಹಾರವೆಂದು ವಾದಿಸುವವರೂ ಇದ್ದಾರೆ. ಅದು ವ್ಯಾಪಾರಕ್ಕೂ ವಿದ್ಯೆಗೂ ಹಾನಿಕರ. ವೈಮಾನಿಕ ಉದ್ಯಮಕ್ಕೆ ಬರುವ ಎಷ್ಟೋ ಎಂಜಿನಿಯರುಗಳ ಮೊದಲ ಪಾಠ ಬಾಲ್ಸಾ ಮರದ ರೆಕ್ಕೆಯಲ್ಲೇ ಆಗಿರುತ್ತದೆ. ನಿಲ್ದಾಣದಿಂದ ದೂರದಲ್ಲಿ ಅವರಿಗೊಂದು ಮೈದಾನ ಗೊತ್ತುಪಡಿಸಲು ಜಿಲ್ಲಾ ವಾಣಿಜ್ಯ ಮಂಡಳಿಗಳು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸುವುದು ಉಚಿತ. ತಯಾರಕರು ತಮ್ಮ ಪರೀಕ್ಷಾ ಹಾರಾಟಗಳನ್ನೂ ಅಲ್ಲಿಗೇ ಒಯ್ಯಬಹುದು.

ಇನ್ನು ವಿಮೆಯ ಮಾತು. ಮೂರನೆಯ ವ್ಯಕ್ತಿಗಾಗುವ ಹಾನಿಯ ವಿಮೆಗೆ ಸಂಬಂಧಿಸಿ ಮೋಟಾರು ವಾಹನ ಕಾಯ್ದೆಯ ವಿಧಿಗಳೇ ಅಗತ್ಯ ಮಾರ್ಪಾಡಿನೊಡನೆ ಡ್ರೋನ್‌ಗೂ ಅನ್ವಯವಾಗುತ್ತವೆ. 250 ಗ್ರಾಂ ಮೀರದ ನ್ಯಾನೊ ವರ್ಗಕ್ಕೆ ಮಾತ್ರ ವಿನಾಯಿತಿ. ಆದರೆ 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಕಾಳ್ಗಿಚ್ಚಿನ ವೇಳೆ ನೀರು ಸುರಿಯುತ್ತಿದ್ದ ವಿಮಾನದ ರೆಕ್ಕೆಗೆ ತೂತು ಮಾಡಿ ಅದನ್ನು ಕೆಲವು ದಿನ ನೆಲದಲ್ಲೇ ನಿಲ್ಲಿಸಿದ್ದು ಅಂಥದೇ ಪುಟ್ಟ ಡ್ರೋನ್. ವಿಮೆ ಮಾಡಿಸದ ಗಿರಾಕಿಯಿಂದ ಜಕ್ಕೂರಿನಲ್ಲಿ ತರಬೇತಿ ವಿಮಾನವೊಂದಕ್ಕೆ ಪೆಟ್ಟಾದರೆ, ಮೊದಲು ಪರಿಶೀಲನೆಗೆ ಒಳಗಾಗುವುದು ಆ ಯಂತ್ರ ಮಾರಿದ ಅಂಗಡಿಯ ಬಿಲ್ಲು ಪುಸ್ತಕ.