ಬೀಮ್ ಬಾಗಿದರೆ ಕಟ್ಟಡ ಕುಸಿಯುತ್ತದೆಯೇ? ಬಾಲ್ಕನಿಯ ತುದಿಗೆ ನೀರಿನ ಟ್ಯಾಂಕ್ ಇಡುವ ಮೊದಲು ಓದಿ

"ಬೀಮ್ ಸ್ವಲ್ಪ ಬಾಗಿದರೂ ಮನೆ ಬೀಳುವುದು ಖಚಿತ" ಎನ್ನುವವರಿದ್ದಾರೆ. "ಆರ್‌ಸಿಸಿ ಬಾಗುವುದೇ ಇಲ್ಲ, ಎಷ್ಟು ಭಾರ ಬೇಕಾದರೂ ಇಡಿ" ಎನ್ನುವವರೂ ಇದ್ದಾರೆ. ಈ ಎರಡೂ ಮಾತು ತಪ್ಪು. ಹಾಗಾದರೆ ನಿಜವೇನು? ಬನ್ನಿ, ನೋಡೋಣ.

ಎಲ್ಲ ಬೀಮ್‌ಗಳೂ ಬಾಗುತ್ತವೆ

ಮರ, ಉಕ್ಕು, ಕಾಂಕ್ರೀಟ್ ಯಾವುದೇ ಇರಲಿ, ಭಾರ ಬಿದ್ದಾಗ ಬೀಮ್ ಬಾಗಲೇಬೇಕು. ಎಷ್ಟೋ ಬಾರಿ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಎಂಜಿನಿಯರ್‌ಗಳು ಇಲ್ಲಿ ಎರಡು ಸಂಗತಿ ಲೆಕ್ಕ ಹಾಕುತ್ತಾರೆ. ಬೀಮ್ ಎಷ್ಟು ಕೆಳಗಿಳಿಯಿತು ಎನ್ನುವುದು ಡಿಫ್ಲೆಕ್ಷನ್, ಅಂದರೆ ಬಾಗು. ಆ ಜಾಗದಲ್ಲಿ ಅದು ಎಷ್ಟು ಓರೆಯಾಯಿತು ಎನ್ನುವುದು ಸ್ಲೋಪ್, ಅಂದರೆ ಓಲು.

ಭಾರತದ ಕಾಂಕ್ರೀಟ್ ಮಾನದಂಡ ಐಎಸ್ 456 ಕೂಡ ಬಾಗಲೇಬಾರದು ಎನ್ನುವುದಿಲ್ಲ. ಒಟ್ಟು ಬಾಗು ಸಾಮಾನ್ಯವಾಗಿ ಬೀಮಿನ ಉದ್ದದ 250ನೇ ಒಂದು ಭಾಗವನ್ನು ಮೀರಬಾರದು ಎನ್ನುತ್ತದೆ. 5 ಮೀಟರ್ ಬೀಮಿಗೆ ಇದು 20 ಮಿಲಿಮೀಟರ್.

ಹಲವು ಭಾರ ಒಟ್ಟಿಗೆ ಬಿದ್ದರೆ ಲೆಕ್ಕ ಹೇಗೆ?

ಉಪಾಯ ಸರಳ. ಪ್ರತಿಯೊಂದು ಭಾರಕ್ಕೂ ಬೇರೆ ಬೇರೆಯಾಗಿ ಬಾಗು ಲೆಕ್ಕ ಹಾಕಿ, ಕೊನೆಗೆ ಕೂಡಿಸುವುದು. ಓಲಿಗೂ ಇದೇ ಕ್ರಮ. ಇದಕ್ಕೆ ಸೂಪರ್‌ಪೊಸಿಷನ್ ಎಂದು ಹೆಸರು. ಭಾರ ಎರಡು ಪಟ್ಟಾದರೆ ಬಾಗೂ ಎರಡು ಪಟ್ಟಾಗುವ ತನಕ ಈ ಲೆಕ್ಕ ಸರಿ. 1678ರಲ್ಲಿ ರಾಬರ್ಟ್ ಹುಕ್ ಸ್ಪ್ರಿಂಗ್‌ಗಳ ಬಗ್ಗೆ ಪ್ರಕಟಿಸಿದ ನಿಯಮವೇ ಇದಕ್ಕೆ ಬುನಾದಿ.

ಒಂದು ಉದಾಹರಣೆ: ಗೋಡೆಯಿಂದ 1.5 ಮೀಟರ್ ಹೊರಚಾಚಿದ ಬಾಲ್ಕನಿಯ ಬೀಮ್ ಇದೆ. ಅಗಲ 230, ಎತ್ತರ 300 ಮಿಲಿಮೀಟರ್, ಎಂ20 ಕಾಂಕ್ರೀಟ್. ಸ್ಲ್ಯಾಬ್, ಟೈಲ್ಸ್, ಜನ ಎಲ್ಲ ಸೇರಿ ಅದರ ಮೇಲೆ ಮೀಟರಿಗೆ ಸುಮಾರು 1000 ಕೆ.ಜಿ., ಒಟ್ಟು 1500 ಕೆ.ಜಿ. ಹರಡಿದ ಭಾರವಿದೆ ಎಂದುಕೊಳ್ಳಿ. ಈಗ ತುದಿಯಲ್ಲಿ 500 ಲೀಟರ್ ನೀರಿನ ಟ್ಯಾಂಕ್ ಇಟ್ಟರು. ನೀರೇ 500 ಕೆ.ಜಿ.

• ಹರಡಿದ 1500 ಕೆ.ಜಿ.ಯಿಂದ ತುದಿಯ ಬಾಗು: ಸುಮಾರು 0.55 ಮಿ.ಮೀ.
• ತುದಿಯ 500 ಕೆ.ಜಿ.ಯಿಂದ ಬಾಗು: ಸುಮಾರು 0.49 ಮಿ.ಮೀ.
• ಒಟ್ಟು: ಸುಮಾರು 1.04 ಮಿ.ಮೀ.

ಓಲಿನ ಲೆಕ್ಕ ಇನ್ನೂ ಸ್ವಾರಸ್ಯಕರ. ಈ ಬೀಮಿನಲ್ಲಿ ಎರಡೂ ಭಾರ ತುದಿಗೆ ಸರಿಸಮ ಓಲು ಕೊಡುತ್ತವೆ. ಎರಡೂ ಸೇರಿ ಮೀಟರಿಗೆ ಸುಮಾರು 1 ಮಿ.ಮೀ. ಇಳಿಜಾರು.

ಗಮನಿಸಿ, ಟ್ಯಾಂಕಿನ ಭಾರ ಮೂರನೇ ಒಂದು ಪಾಲು ಮಾತ್ರ. ಆದರೂ ಬಾಗು ಹೆಚ್ಚುಕಡಿಮೆ ಇಮ್ಮಡಿಯಾಯಿತು! ಭಾರ ಎಷ್ಟು ಎನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಎನ್ನುವುದು. ಉದ್ದವೂ ಹಾಗೆಯೇ: ಬೀಮ್ ಎರಡು ಪಟ್ಟು ಉದ್ದವಾದರೆ ಅದೇ ಟ್ಯಾಂಕಿನಿಂದಾಗುವ ಬಾಗು 8 ಪಟ್ಟಾಗುತ್ತದೆ.

1 ಮಿ.ಮೀ. ತಾನೇ, ಬಿಡಿ ಎನ್ನಬಹುದೇ?

ಇಲ್ಲ. ಇದು ಬಿರುಕಿಲ್ಲದ ಹೊಸ ಬೀಮಿನ ಲೆಕ್ಕ. ಕಾಂಕ್ರೀಟ್‌ನಲ್ಲಿ ಸೂಕ್ಷ್ಮ ಬಿರುಕು ಬಿದ್ದಂತೆ, ವರ್ಷಗಟ್ಟಲೆ ಭಾರ ಹೊತ್ತಂತೆ ಬಾಗು ಕೆಲವು ಪಟ್ಟು ಹೆಚ್ಚಬಹುದು. ಹಾಗಾಗಿ ನಿಜವಾದ ವಿನ್ಯಾಸದಲ್ಲಿ ಇವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ.

ಇನ್ನೊಂದು ಮಾತು. ಬಾಗು ಕಡಿಮೆ ಇದೆ ಎಂದರೆ ಬೀಮ್ ಗಟ್ಟಿ ಇದೆ ಎಂದಲ್ಲ. ಮೇಲಿನ ಉದಾಹರಣೆಯಲ್ಲಿ ಟ್ಯಾಂಕ್ ಇಟ್ಟಾಗ, ಗೋಡೆಯ ಬಳಿ ಬೀಮನ್ನು ಬಗ್ಗಿಸುವ ಬಲ ಮೊದಲಿಗಿಂತ ಮೂರರಲ್ಲಿ ಎರಡು ಪಾಲು ಹೆಚ್ಚುತ್ತದೆ. ಬಾಲ್ಕನಿ ಬೀಮಿನ ಮೇಲ್ಭಾಗ ಹಿಗ್ಗುವುದರಿಂದ ಮುಖ್ಯ ಕಂಬಿಗಳು ಮೇಲೆಯೇ ಇರಬೇಕು. ಕಾಂಕ್ರೀಟ್ ಹಾಕುವಾಗ ಕೆಲಸದವರು ತುಳಿದು ಕಂಬಿ ಕೆಳಗೆ ಕುಸಿದರೆ, ಹೊರಗಿನಿಂದ ಯಾರಿಗೂ ತಿಳಿಯದು.

ಯಾವಾಗ ಎಚ್ಚರ ವಹಿಸಬೇಕು?

• ಬಾಲ್ಕನಿಯ ಮೇಲ್ಭಾಗದಲ್ಲಿ, ಗೋಡೆಗೆ ಸೇರುವ ಕಡೆ ಬಿರುಕು ಕಂಡರೆ
• ಬಾಗು ಅಥವಾ ಬಿರುಕು ದಿನೇ ದಿನೇ ಹೆಚ್ಚುತ್ತಿದ್ದರೆ
• ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ
• ಮೊದಲು ಸಲೀಸಾಗಿದ್ದ ಬಾಗಿಲು, ಕಿಟಕಿ ಈಗ ಬಿಗಿಯಾಗುತ್ತಿದ್ದರೆ. ಇದಕ್ಕೆ ಮರ ಉಬ್ಬಿದ್ದೂ ಕಾರಣವಿರಬಹುದು, ಪರೀಕ್ಷಿಸಿ

ಇಂಥ ಕಡೆ ಸಿಮೆಂಟ್ ಮೆತ್ತಿ ಬಿರುಕು ಮುಚ್ಚಬೇಡಿ. ಭಾರ ಇಳಿಸಿ, ಕೆಳಗೆ ಓಡಾಟ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಟ್ಯಾಂಕ್, ಮಣ್ಣು ತುಂಬಿದ ದೊಡ್ಡ ಕುಂಡ ಯಾವುದನ್ನಾದರೂ ಬಾಲ್ಕನಿಯ ತುದಿಗೆ ಇಡುವ ಮೊದಲೂ ಅವರನ್ನು ಕೇಳಿ.

ಒಟ್ಟಿನಲ್ಲಿ: ಬೀಮ್ ಬಾಗುವುದು ಸಹಜ. ಮಿತಿ ಮೀರಿ ಬಾಗುವುದು, ಬಾಗುತ್ತಲೇ ಹೋಗುವುದು ಅಪಾಯ. ಮನೆ ಕಟ್ಟಿಸುತ್ತಿರುವ ನಿಮ್ಮ ಬಂಧುಗಳಿಗೂ ಇದನ್ನು ತಿಳಿಸಿ.