ತಮಿಳುನಾಡು: ಅಧಿಕಾರ ಹಸ್ತಾಂತರವೇನೋ ಸುಗಮ, ಆದರೆ ನಿಯಮವೆಲ್ಲಿದೆ?

ಚೆನ್ನೈ: ಹತ್ತು ವರ್ಷಗಳ ಬಳಿಕ ತಮಿಳುನಾಡಿನ ಆಡಳಿತ 2021ರಲ್ಲಿ ಎಐಎಡಿಎಂಕೆಯಿಂದ ಡಿಎಂಕೆಗೆ ಹಸ್ತಾಂತರವಾಯಿತು. 2021ರ ಮೇ 2ರಂದು ಫಲಿತಾಂಶ ಬಂತು. ಮರುದಿನ ಎಡಪ್ಪಾಡಿ ಕೆ. ಪಳನಿಸ್ವಾಮಿ ರಾಜೀನಾಮೆ ನೀಡಿದರು. ಮೇ 7ರಂದು ಎಂ.ಕೆ. ಸ್ಟಾಲಿನ್ ಪ್ರಮಾಣ ವಚನ ಸ್ವೀಕರಿಸಿದರು. ಕೊರೊನಾ ಎರಡನೇ ಅಲೆ ಏರುತ್ತಿದ್ದ ಈ ಐದು ದಿನಗಳಲ್ಲಿ ರಾಜ್ಯದ ಹೊಣೆ ಯಾರದ್ದಾಗಿತ್ತು?

ಈ ಪ್ರಶ್ನೆಯ ಗಂಭೀರತೆ ಗೊತ್ತಾಗಿದ್ದು ಮೇ 4ರ ರಾತ್ರಿ. ಚೆನ್ನೈ ಸಮೀಪದ ಚೆಂಗಲ್ಪಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ಹತ್ತಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯೇ ಕಾರಣ ಎಂಬ ಆರೋಪವನ್ನು ಅಧಿಕಾರಿಗಳು ತಳ್ಳಿಹಾಕಿದರು. ಕಾರಣ ಏನೇ ಇರಲಿ, ಆಗ ಹಳೆಯ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಾಗಿತ್ತು, ಹೊಸಬರು ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ.

ಆ ಅಂತರವನ್ನು ತುಂಬಿದವರು ಅಧಿಕಾರಿಗಳು. ಫಲಿತಾಂಶದ ಬೆನ್ನಲ್ಲೇ ಮುಖ್ಯ ಕಾರ್ಯದರ್ಶಿ ರಾಜೀವ್ ರಂಜನ್ ಮತ್ತಿತರರು ಸ್ಟಾಲಿನ್ ಅವರನ್ನು ಭೇಟಿಯಾಗಿ ಕೊರೊನಾ ಪರಿಸ್ಥಿತಿ ವಿವರಿಸಿದರು. ಹೀಗಾಗಿ ಅಧಿಕಾರ ಸ್ವೀಕರಿಸಿದ ಮರುದಿನವೇ ಮೇ 10ರಿಂದ ಲಾಕ್‌ಡೌನ್ ಘೋಷಿಸಲು ಹೊಸ ಸರ್ಕಾರಕ್ಕೆ ಕಷ್ಟವಾಗಲಿಲ್ಲ.

ರಾಜಕೀಯ ಸೌಜನ್ಯವೂ ಕಂಡುಬಂತು. ಪ್ರಮಾಣ ವಚನ ಸಮಾರಂಭಕ್ಕೆ ಎಐಎಡಿಎಂಕೆಯ ಒ. ಪನ್ನೀರ್‌ಸೆಲ್ವಂ ಬಂದಿದ್ದರು. ಚೆನ್ನೈನಲ್ಲಿ ‘ಅಮ್ಮಾ ಕ್ಯಾಂಟೀನ್’ ಧ್ವಂಸ ಮಾಡಿದ ಕಾರ್ಯಕರ್ತರನ್ನು ಡಿಎಂಕೆ ಪಕ್ಷದಿಂದ ಹೊರಹಾಕಿತು. ಕೊರೊನಾ ಕುರಿತ ಸರ್ವಪಕ್ಷ ಶಾಸಕರ ಸಮಿತಿಯಲ್ಲಿ ಹಿಂದಿನ ಆರೋಗ್ಯ ಸಚಿವ ಸಿ. ವಿಜಯಭಾಸ್ಕರ್ ಅವರಿಗೂ ಸ್ಥಾನ ಸಿಕ್ಕಿತು.

2011ರ ಕಹಿ ನೆನಪು

ಹಿಂದಿನ ಬಾರಿ ಹೀಗಿರಲಿಲ್ಲ. 2011ರ ಮೇನಲ್ಲಿ ಅಧಿಕಾರಕ್ಕೆ ಬಂದ ಜಯಲಲಿತಾ, ಕರುಣಾನಿಧಿ ಕಾಲದ ಓಮಂದೂರಾರ್ ಎಸ್ಟೇಟ್‌ನ ಹೊಸ ಸಚಿವಾಲಯಕ್ಕೆ ಕಾಲಿಡದೆ ಸೇಂಟ್ ಜಾರ್ಜ್ ಕೋಟೆಗೆ ಮರಳಿದರು. ಒಂದು ವರ್ಷದ ಹಿಂದಷ್ಟೇ ಉದ್ಘಾಟನೆಯಾಗಿದ್ದ ಕಟ್ಟಡ ಮುಂದೆ ಆಸ್ಪತ್ರೆಯಾಯಿತು. ಡಿಎಂಕೆ ಜಾರಿಗೆ ತಂದಿದ್ದ ಏಕರೂಪ ಪಠ್ಯಕ್ರಮ ‘ಸಮಚ್ಚೀರ್ ಕಲ್ವಿ’ಗೂ ತಡೆ ಬಿತ್ತು. ಪುಸ್ತಕಗಳು ಅಚ್ಚಾಗಿದ್ದರೂ ಮಕ್ಕಳ ಕೈ ಸೇರಲಿಲ್ಲ. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಆದೇಶ ನೀಡುವವರೆಗೂ ಶಾಲೆಗಳಲ್ಲಿ ಗೊಂದಲ ಮುಂದುವರಿಯಿತು.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ಅಧ್ಯಕ್ಷೀಯ ಅಧಿಕಾರ ಹಸ್ತಾಂತರಕ್ಕೆಂದೇ 1963ರಿಂದ ಕಾಯ್ದೆ ಇದೆ. ಚುನಾವಣೆಗೆ ತಿಂಗಳುಗಳ ಮೊದಲೇ ಇಲಾಖೆಗಳು ಸಿದ್ಧತೆ ನಡೆಸುತ್ತವೆ. ಆದರೂ 2020ರಲ್ಲಿ ಟ್ರಂಪ್ ಸೋಲೊಪ್ಪದ ಕಾರಣ ಬೈಡನ್ ತಂಡಕ್ಕೆ ನವೆಂಬರ್ 23ರವರೆಗೆ ಅಧಿಕೃತ ನೆರವು ಸಿಗಲಿಲ್ಲ. ಕಾನೂನಿದ್ದರೂ ಸದಾಶಯ ಬೇಕು ಎಂಬುದಕ್ಕೆ ಇದು ನಿದರ್ಶನ. ಭಾರತದಲ್ಲಿ ಅಂಥ ಕಾನೂನೇ ಇಲ್ಲ. ಹೊಸ ಸರ್ಕಾರ ಬರುವವರೆಗೆ ಹಳೆಯ ಮುಖ್ಯಮಂತ್ರಿ ಮುಂದುವರಿಯುವುದು ಕೇವಲ ಸಂಪ್ರದಾಯ.

ಇಲ್ಲಿ ಬೇಕಿರುವುದು ದೊಡ್ಡ ಕಾನೂನೇನಲ್ಲ. ಮತ ಎಣಿಕೆಗೆ ಮುನ್ನವೇ ಪ್ರತಿ ಇಲಾಖೆ ಬಾಕಿ ಬಿಲ್, ತುರ್ತು ಕಡತ ಹಾಗೂ ಅರ್ಧಕ್ಕೆ ನಿಂತ ಕಾಮಗಾರಿಗಳ ಟಿಪ್ಪಣಿ ಸಿದ್ಧಪಡಿಸಬಹುದು. ಯಾರೇ ಗೆದ್ದರೂ ಅದು ಅವರ ಕೈ ಸೇರುವಂತಾದರೆ ಸಾಕು. 2021ರಲ್ಲಿ ಅಧಿಕಾರಿಗಳು ತಾವಾಗಿಯೇ ಮಾಡಿದ್ದನ್ನು ನಿಯಮವಾಗಿಸುವ ಅವಕಾಶ ಆಗಿನ ಸ್ಟಾಲಿನ್ ಸರ್ಕಾರಕ್ಕಿತ್ತು. ಮುಂದೊಂದು ದಿನ ಕೋಟೆಯ ಕೀಲಿಯನ್ನು ಯಾವುದೇ ಸರ್ಕಾರವೂ ಬೇರೊಬ್ಬರಿಗೆ ಕೊಡಬೇಕಾಗುತ್ತದೆ.