ಲೋಟವನ್ನು ಬಿಡದ ಬಿಲ್ಲೆ

ತಣ್ಣನೆಯ ಪಾನೀಯದ ಲೋಟದಡಿಯಲ್ಲಿಡುವ ಬಿಲ್ಲೆಗೆ ಕೋಸ್ಟರ್ ಎಂದು ಹೆಸರು. ಮೇಜಿನ ಮೇಲೆ ನೀರಿನ ಕಲೆಯಾಗದಿರಲೆಂದು ಹುಟ್ಟಿದ ವಸ್ತುವಿದು. ಆದರೆ ನುಣುಪಾದ ಬಿಲ್ಲೆಗಳು ಮೇಜನ್ನು ತೊರೆದು ಲೋಟದ ನಂಟು ಬೆಳೆಸುತ್ತವೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಅತಿಥಿಗಳು ಗಂಭೀರವಾದ ಮಾತಿನ ನಡುವೆ ಲೋಟವೆತ್ತಿದಾಗ, ಬಿಲ್ಲೆಯೂ ಅರ್ಧ ದಾರಿ ಜೊತೆಗೆ ಹೋಗಿ, ಅನಂತರ ಮನಸ್ಸು ಬದಲಿಸಿ ಟಪ್ಪೆಂದು ಬೀಳುತ್ತದೆ. ಆಮೇಲೆ ಭಾಷಣವನ್ನು ಕೇಳುವವರಾರು?

ನಗುವ ಮಾತಾದರೂ ಕಾರಣ ತಿಳಿಯತಕ್ಕದ್ದೇ. ಲೋಟ ಬೆವರುವುದು ಒಳಗಿನ ನೀರು ಒಸರಿದ್ದರಿಂದಲ್ಲ. ಗಾಳಿಯಲ್ಲಿರುವ ಆವಿಯು ತಣ್ಣನೆಯ ಗಾಜಿಗೆ ತಗುಲಿ ನೀರಾಗುವುದರಿಂದ. ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇಕಡಾ 70 ಇದ್ದರೆ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಟವೂ ಬೆವರಲೇಬೇಕು. ಆ ನೀರು ತಳಕ್ಕಿಳಿದು ಗಾಜಿಗೂ ಬಿಲ್ಲೆಗೂ ನಡುವೆ ತೆಳುವಾದ ಪೊರೆಯಾಗುತ್ತದೆ. ಪೊರೆಯ ಅಂಚಿನಲ್ಲಿರುವ ಮೇಲ್ಮೈ ಎಳೆತದಿಂದ ಒಳಗಿನ ಒತ್ತಡ ತಗ್ಗಿ, ಹೊರಗಿನ ಗಾಳಿಯೇ ಬಿಲ್ಲೆಯನ್ನು ಲೋಟಕ್ಕೆ ಒತ್ತಿ ಹಿಡಿಯುತ್ತದೆ. ತಳವು 6 ಸೆಂಟಿಮೀಟರ್ ಅಗಲವಿದ್ದು ಚಪ್ಪಟೆಯಾಗಿದ್ದರೆ, ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪದ ಪೊರೆ ಲೆಕ್ಕದ ಪ್ರಕಾರ ಸುಮಾರು 400 ಗ್ರಾಂ ಭಾರವನ್ನು ಹಿಡಿಯಬಲ್ಲುದು. ಪಾಪ, ಬಿಲ್ಲೆಯ ತೂಕವೆಷ್ಟು!

ಹೀಗಿರಲು ಉಪಾಯ ಎರಡೇ: ಬಿಲ್ಲೆ ನೀರನ್ನು ಹೀರಬೇಕು, ಇಲ್ಲವೆ ಗಾಳಿಗೆ ದಾರಿ ಬಿಡಬೇಕು. ದಪ್ಪ ಕೈಮಗ್ಗದ ಬಟ್ಟೆ, ಸುಣ್ಣಕಲ್ಲಲ್ಲದ ಮೆರುಗಿಲ್ಲದ ಸುಟ್ಟ ಮಣ್ಣಿನ ಬಿಲ್ಲೆ ಇವು ಮೊದಲನೆಯ ಬಗೆ. ನಮ್ಮ ಅಜ್ಜಿಯರು ಕೊಡದಡಿ ಇಡುತ್ತಿದ್ದ ಸಿಂಬಿ ಎರಡನೆಯದು. ಅದು ಎಂದಾದರೂ ಕೊಡಕ್ಕೆ ಅಂಟಿಕೊಂಡು ಮೇಲೆದ್ದದ್ದುಂಟೆ? ಏನೂ ಸಿಗದಾಗ ಬಿಲ್ಲೆಯ ಮೇಲೆ ಚಿಟಿಕೆ ಉಪ್ಪು ಉದುರಿಸಿದರೂ ಸ್ವಲ್ಪ ಹೊತ್ತು ಕೆಲಸ ನಡೆಯುತ್ತದೆ.

ನನ್ನ ತಕರಾರು ಇರುವುದು ಚನ್ನಪಟ್ಟಣದ ಅರಗಿನ ಬಿಲ್ಲೆಗಳ ವಿಷಯದಲ್ಲಿ. ಆಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಯಲ್ಲೇ ಬಣ್ಣವನ್ನು ಕರಗಿಸಿ ಹತ್ತಿಸುವ ಆ ಕೈಚಳಕಕ್ಕೆ ಯಾರು ತಲೆದೂಗುವುದಿಲ್ಲ? ಆದರೆ ಆ ನುಣುಪೇ ಇಲ್ಲಿ ಶತ್ರು. ಮನೆಗೆ ಒಯ್ದವರು ಎರಡು ದಿನ ಬಳಸಿ, ಲೋಟಕ್ಕೆ ಅಂಟುತ್ತದೆಂದು ಗಾಜಿನ ಬೀರುವಿನಲ್ಲಿಟ್ಟುಬಿಡುತ್ತಾರೆ. ಅಲಂಕಾರಕ್ಕಿಟ್ಟ ವಸ್ತು ಸವೆಯುವುದಿಲ್ಲ. ಸವೆಯದ ವಸ್ತುವನ್ನು ಮತ್ತೆ ಕೊಳ್ಳುವವರಿಲ್ಲ. ನಷ್ಟ ಕುಶಲಕರ್ಮಿಗೆ. ಚರಕಿಯ ಮೇಲಿರುವಾಗಲೇ ಉಳಿಯಿಂದ ಮೂರು ನಾಲ್ಕು ಗೀರು ಗೆರೆಗಳನ್ನು ಕೊರೆದು, ನಡುವಿನಿಂದ ಅಂಚಿನವರೆಗೆ ಒಂದು ಅಡ್ಡಗಾಲುವೆ ತೆಗೆದರೆ ಗಾಳಿ ನುಗ್ಗಲು ಸಾಕು. ಬರಿಯ ಉಂಗುರಗೆರೆಗಳಲ್ಲಿ ನೀರು ನಿಂತೀತು, ಆದ್ದರಿಂದ ಅಡ್ಡಗಾಲುವೆ ಬೇಕೇ ಬೇಕು.

ಅತಿಥಿಗಳಿಗೆ ಕಾಣಿಕೆ ಕೊಳ್ಳುವ ನಮ್ಮ ವಿದ್ಯಾರ್ಥಿ ಸಂಘದ ಗೆಳೆಯರು ಅಂಗಡಿಯಲ್ಲಿ ಬಣ್ಣ ನೋಡುವ ಮುನ್ನ ಒಂದು ಚಮಚ ನೀರು ಕೇಳಲಿ. ಬಿಲ್ಲೆಯ ಮೇಲೆ ಹನಿಸಿ, ಲೋಟವಿಟ್ಟು, ಎತ್ತಿ ನೋಡಲಿ. ಅಂಗಡಿಯವರು ಬೇಸರಿಸಿದರೆ ಗೀರಿರುವ ಬಿಲ್ಲೆ ಮಾಡಿಕೊಡುವಿರಾ ಎಂದು ಅಲ್ಲೇ ಕೇಳಬಹುದು.